ಒಂದು ನಿಮಿಷದ ಕಾಡು

“ಇಳಿಸು, ಇಳಿಸು! ನೂರಾ ಅರವತ್ತು ಗ್ರಾಂ ಜಾಸ್ತಿ ಆಗೇತಿ!”

ಅಪ್ಪ ಲಗೇಜ್ ತೂಗುವ ಸ್ಕೇಲಿನ ಕೊಕ್ಕೆಗೆ ನಿಹಾರಿಕಾಳ ಬ್ಯಾಗ್ ಸಿಕ್ಕಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಅವನ ಮುಖ ಕೆಂಪಾಗಿತ್ತು. ಸೋಫಾ ಮೇಲೆ, ಟೀಪಾಯ್ ಮೇಲೆ, ಟಿವಿ ಮುಂದೆ, ಎಲ್ಲ ಕಡೆ ಕ್ಯಾಂಪಿಂಗ್ ಸಾಮಾನು ಹರಡಿತ್ತು. ಇಪ್ಪತ್ಮೂರನೇ ಮಹಡಿಯ ಕಿಟಕಿಯ ಕೆಳಗೆ ಮೆಲ್ಬೋರ್ನಿನ ಡಾಕ್‌ಲ್ಯಾಂಡ್ಸಿನ ಟ್ರ್ಯಾಮು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು.

“ಏನೇನ್ ತುಂಬೀಯವಾ ಇದರಾಗ?”

ನಿಹಾರಿಕಾ ಬ್ಯಾಗಿನ ಬದಿಯ ಜೇಬಿನಿಂದ ಅಮ್ಮನ ಹಳೇ ಫೋನ್ ತೆಗೆದು ತೋರಿಸಿದಳು. ಅದರಲ್ಲಿ ಸಿಮ್ ಇರಲಿಲ್ಲ.

“ಇದ್ಯಾಕ? ನನ್ನ ಫೋನ್ ಐತಲ್ಲ.”

“ರೆಕಾರ್ಡಿಂಗ್‌ಗೆ,” ಅಂದಳು ನಿಹಾರಿಕಾ. “ಯುವರ್ ಫೋನ್ ಆಲ್ವೇಸ್ ರಿಂಗ್ಸ್.”

“ಏನು? ಜೋರಾಗಿ ಹೇಳು!”

ಈ ಮಾತನ್ನು ಅಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಅವಳ ರಿಪೋರ್ಟ್ ಕಾರ್ಡಿನಲ್ಲಿ ಮೂರು ವರ್ಷದಿಂದ ಒಂದೇ ವಾಕ್ಯ ಬರುತ್ತಿತ್ತು: ನಿಹಾರಿಕಾ ನೀಡ್ಸ್ ಟು ಸ್ಪೀಕ್ ಅಪ್. ಅಪ್ಪ ಅದರ ಕೆಳಗೆ ಗೆರೆ ಎಳೆದು ಫ್ರಿಜ್‌ಗೆ ಅಂಟಿಸಿದ್ದ.

ಆದರೆ ಈ ಸಲ ಮಿಸ್ ಫ್ಲಿನ್ ಬೇರೆ ತರಹದ ಕೆಲಸ ಕೊಟ್ಟಿದ್ದರು. “ಎಲ್ಲಿಂದಾದರೂ ಒಂದು ನಿಮಿಷದ ಸದ್ದು ರೆಕಾರ್ಡ್ ಮಾಡಿ ತನ್ನಿ. ಅದರಲ್ಲಿ ಮನುಷ್ಯರ ಮಾತು ಒಂದೂ ಇರಬಾರದು. ಕ್ಲಾಸಿನ ಮುಂದೆ ನಿಂತು ನೀವೂ ಏನೂ ಹೇಳಬೇಕಿಲ್ಲ. ಎಲ್ಲರೂ ಸುಮ್ಮನೆ ಕೇಳೋಣ.”

ಏನೂ ಹೇಳಬೇಕಿಲ್ಲ! ನಿಹಾರಿಕಾ ಅವತ್ತು ಮನೆಗೆ ಓಡುತ್ತಾ ಬಂದಿದ್ದಳು. ಕ್ಲಾಸಿನ ಮುಂದೆ ಏನಾದರೂ ತೋರಿಸಿ ಮಾತಾಡುವ ಶೋ ಅಂಡ್ ಟೆಲ್ ಎಂದರೆ ಅವಳು ಹಿಂದಿನ ಸಾಲಿಗೆ ಸರಿಯುತ್ತಿದ್ದಳು. ಇದರಲ್ಲಿ ಮಾತ್ರ ಅವಳು ಎಲ್ಲರಿಗಿಂತ ಚೆನ್ನಾಗಿ ಮಾಡಬಹುದು. ಒಂದು ನಿಮಿಷ ಸುಮ್ಮನಿರುವುದು ಅವಳಿಗೆ ಯಾವ ಲೆಕ್ಕ?

ಅವಳು ಬ್ಯಾಗಿನಿಂದ ಅರ್ಧ ಓದಿದ್ದ ಪುಸ್ತಕ ತೆಗೆದು ಸೋಫಾ ಮೇಲಿಟ್ಟಳು. ಅಪ್ಪ ಮತ್ತೆ ತೂಗಿದ. ಸ್ಕೇಲ್ ಒಪ್ಪಿತು.

ಅಪ್ಪ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಎರಡು ದಿನ ಕಾಡಿನಲ್ಲಿ ನಡೆಯುವುದೂ ಅವನಿಗೆ ಒಂದು ಪ್ರಾಜೆಕ್ಟೇ. ಎಕ್ಸೆಲ್ ಶೀಟ್ ಮಾಡಿ, ಪ್ರತಿ ಸಾಮಾನಿನ ತೂಕ ಬರೆದಿದ್ದ. ಭಾರ ಕಡಿಮೆ ಮಾಡಲು ಮೂವರ ಟೂತ್‌ಬ್ರಶ್ಶಿನ ಹಿಡಿಯನ್ನೂ ಬ್ರೆಡ್ ಕೊಯ್ಯುವ ಚಾಕುವಿನಿಂದ ಕತ್ತರಿಸಿದ್ದ.

“ಇದನ್ನ ಹ್ಯಾಂಗ್ ಹಿಡೀಬೇಕ್ರೀ?” ಎಂದು ಅಮ್ಮ ಕೇಳಿದಳು. ಅವಳ ಕೈಯಲ್ಲಿ ಕಿರುಬೆರಳಿನಷ್ಟು ಬ್ರಶ್ ಇತ್ತು.

“ಮಾಧುರಿ, ಹಲ್ಲು ತಿಕ್ಕೂದು ಹಿಡಿ ಅಲ್ಲ, ಕೂದಲು. ಹಿಡಿ ಬರೇ ವೇಟ್.”

ಅಪ್ಪ ಶೀಟ್ ನೋಡುತ್ತಿದ್ದಾಗ ಅಮ್ಮ ಶೇಂಗಾ ಚಟ್ನಿ ಪುಡಿಯನ್ನು ಒಂದು ಉಣ್ಣೆಯ ಸಾಕ್ಸಿನೊಳಗೆ ಇಳಿಸಿ ಗಂಟು ಹಾಕಿದಳು. ಹನ್ನೆರಡು ಕಡಕ್ ರೊಟ್ಟಿಗಳನ್ನು ಮಲಗುವ ಮ್ಯಾಟಿನ ಮಡಿಕೆಯಲ್ಲಿ ಸೇರಿಸಿದಳು. ನಿಹಾರಿಕಾ ನೋಡಿದಳು. ಅಮ್ಮ ತುಟಿಯ ಮೇಲೆ ಬೆರಳಿಟ್ಟಳು.

ಅದೇ ಎಕ್ಸೆಲ್‌ನಲ್ಲಿ ಇನ್ನೊಂದು ಶೀಟಿತ್ತು. ಅದರ ಹೆಸರು ರಿಸ್ಕ್ ರಿಜಿಸ್ಟರ್, ಅಪಾಯಗಳ ಪಟ್ಟಿ. ಮೊದಲ ಸಾಲಿನಲ್ಲಿ ಕೆಂಪು ಬಣ್ಣದಲ್ಲಿ ‘ಜಿಗಣೆ’ ಎಂದಿತ್ತು. ದಾರಿ ತಪ್ಪುವುದು ಆರನೆಯದು. ಹಾವು ಒಂಬತ್ತನೆಯದು.

ಅಪ್ಪನಿಗೆ ಜಿಗಣೆ ಎಂದರೆ ಪ್ರಾಣಭಯ. ಹುಬ್ಬಳ್ಳಿಯಲ್ಲಿ ಬೆಳೆದ ಅವನು ಒಂದು ಜಿಗಣೆಯನ್ನೂ ಕಣ್ಣಾರೆ ನೋಡಿರಲಿಲ್ಲ. ಯೂಟ್ಯೂಬ್‌ನಲ್ಲಿ ಮಾತ್ರ ನಲವತ್ತು ವಿಡಿಯೋ ನೋಡಿದ್ದ. ಅದಕ್ಕೇ ಮೂವರಿಗೂ ಸೇರಿ ಒಂದು ಕೆಜಿ ಉಪ್ಪು, ಪುಟ್ಟ ಪುಟ್ಟ ಪ್ಲಾಸ್ಟಿಕ್ ಪ್ಯಾಕೆಟ್‌ಗಳಲ್ಲಿ. ಟೂತ್‌ಬ್ರಶ್ಶಿನಿಂದ ಉಳಿಸಿದ ತೂಕವೆಲ್ಲ ಉಪ್ಪಿಗೆ ಹೋಯಿತು.

ಅಷ್ಟರಲ್ಲಿ ಬೆಲ್ ಆಯಿತು.

“ಲೇ ವಿರುಪ್ಯಾ! ನಿಮ್ಮ ಮೆಲ್ಬೋರ್ನ್ ಏನ್ ಲೇ, ಫ್ರಿಜ್ಜಿನಾಗ ಕುಂತಂಗ ಐತಿ! ಸಿಡ್ನಿಯಾಗ ಟೀ ಶರ್ಟ್ ಮ್ಯಾಗ ಅಡ್ಡಾಡಾಕತ್ತೀವಿ!”

ಚಂದ್ರಶೇಖರ್ ಅಂಕಲ್ ಅಪ್ಪನ ಜೊತೆ ಇಂಜಿನಿಯರಿಂಗ್ ಓದಿದವರು. ಈಗ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಎರಡು ಕಾರಿನ ಗ್ಯಾರೇಜ್ ಇರುವ ಮನೆ. ಹೊಸಬರು ಸಿಕ್ಕರೆ ಗ್ಯಾರೇಜ್ ಮೊದಲು, ಹೆಸರು ಆಮೇಲೆ. ಅವರ ಹಿಂದೆ ರುದ್ರಾಣಿ ಆಂಟಿ ಒಂದು ಉದ್ದನೆಯ ಸುರುಳಿ ಹಿಡಿದು ಬಂದರು.

“ಅದೇನು?” ಎಂದ ಅಪ್ಪ ಸ್ಕೇಲ್ ಹಿಡಿದೇ.

“ಬ್ಯಾನರ್!” ಅಂಕಲ್ ಬಿಚ್ಚಿ ತೋರಿಸಿದರು. ಸಿಡ್ನಿ-ಮೆಲ್ಬೋರ್ನ್ ಕನ್ನಡ ಚಾರಣ ಬಳಗ, ಉದ್ಘಾಟನಾ ಚಾರಣ. ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸಂಚಾಲಕಿ ಎಂದು ನಾಲ್ಕು ಫೋಟೋ. ನಡೆಯುವವರು ಒಟ್ಟು ಐದು ಜನ. ಫೋಟೋ ಇಲ್ಲದವಳು ನಿಹಾರಿಕಾ ಒಬ್ಬಳೇ. ಅವಳು ಸದಸ್ಯೆ.

ಆಮೇಲೆ ಅಂಕಲ್ ಬ್ಯಾಗಿನಿಂದ ಒಂದು ಶಾಲು, ಒಂದು ಮೈಸೂರು ಪೇಟ, ಗಾಜಿನ ಸ್ಮರಣಿಕೆ ತೆಗೆದಿಟ್ಟರು.

“ಇದರ ವೇಟು?” ಎಂದು ಅಪ್ಪ ಮೆಲ್ಲಗೆ ಕೇಳಿದ.

“ಲೇ, ಇದು ಕಾರ್ಯಕ್ರಮದ ಐಟಂ. ಇದನ್ನ ಯಾರ್ ತೂಗ್ತಾರ?”

ಅಪ್ಪ ತಲೆಯಾಡಿಸಿದ. ಸ್ಕೇಲ್ ಕೆಳಗಿಟ್ಟ.

*

ಶನಿವಾರ ಬೆಳಿಗ್ಗೆ ವಾರ್ಬರ್ಟನ್ ಊರು ದಾಟಿ, ಮಣ್ಣುರಸ್ತೆಯ ಕೊನೆಯಲ್ಲಿ ಕಾರು ನಿಂತಿತು. ಆಗಸ್ಟ್, ಅಂದರೆ ಇಲ್ಲಿನ ಚಳಿಗಾಲ, ಮುಗಿಯುತ್ತ ಬಂದಿದ್ದರೂ ಬಾಯಿಂದ ಹೊಗೆ ಬರುತ್ತಿತ್ತು.

ಕಾಡಿನ ಬಾಗಿಲಲ್ಲಿ ಬೂಟು ಉಜ್ಜುವ ಬ್ರಶ್ಶು, ಔಷಧಿ ನೀರು ಇಟ್ಟಿದ್ದರು. ಮರಗಳಿಗೆ ರೋಗ ತರಬೇಡಿ ಎಂದು ಬೋರ್ಡಿತ್ತು. ಅಮ್ಮನಿಗೆ ಅದು ಬಹಳ ಹಿಡಿಸಿತು. “ನೋಡ್ರಿ, ಹೊರಗಿನ ಚಪ್ಪಲಿ ಒಳಗ ತರಬಾರದಂತ ಈ ಕಾಡಿಗೂ ಗೊತ್ತೈತಿ. ನಿಮಗ ಹನ್ನೆರಡು ವರ್ಷದಿಂದ ಹೇಳಾಕತ್ತೀನಿ.”

ಒಳಗೆ ಹೋದ ಹತ್ತು ಹೆಜ್ಜೆಗೇ ಬೆಳಕು ಹಸಿರಾಯಿತು. ಮರಗಳ ಕಾಂಡಕ್ಕೆ ಪಾಚಿ, ಕೊಂಬೆಗೆ ಪಾಚಿ, ಕಲ್ಲಿಗೆ ಪಾಚಿ. ಮರದಷ್ಟು ಎತ್ತರದ ಜರಿಗಿಡಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಹಾರಿಕಾ ಒಂದು ಬಿದ್ದ ಮರದ ಮೇಲೆ ಬೆರಳಿಟ್ಟಳು. ಬೆರಳು ಎರಡನೇ ಗೆಣ್ಣಿನವರೆಗೆ ತಣ್ಣಗೆ ಒಳಗೆ ಹೋಯಿತು. ತೆಗೆದ ಮೇಲೆ ಪಾಚಿ ಮೆಲ್ಲಗೆ ಎದ್ದು ಮೊದಲಿನ ಹಾಗೇ ಆಯಿತು.

ಅವಳು ಹಿಂದೆ ಉಳಿದು, ಹಳೇ ಫೋನ್ ತೆಗೆದು ಗುಂಡಿ ಒತ್ತಿದಳು. ಒಂದು, ಎರಡು, ಮೂರು... ಹನ್ನೊಂದು, ಹನ್ನೆರಡು...

“ಇದೇನ್ ಕಾಡು ಲೇ! ಸಿಡ್ನಿಗೆ ಬಾ, ಬ್ಲೂ ಮೌಂಟನ್ಸ್ ತೋರಸ್ತೀನಿ. ಇದು ಅದರ ಹಿತ್ತಲ ಇದ್ದಂಗ ಐತಿ!”

ನಿಹಾರಿಕಾ ಗುಂಡಿ ಒತ್ತಿ ನಿಲ್ಲಿಸಿದಳು. ಹದಿನಾಲ್ಕು ಸೆಕೆಂಡ್.

ಎರಡು ಗಂಟೆ ನಡೆದ ಮೇಲೆ ಹಳ್ಳ ಸಿಕ್ಕಿತು. ದೊಡ್ಡವರು ಮುಂದೆ ಇದ್ದರು. ಅವಳು ಕಲ್ಲಿನ ಮೇಲೆ ಕೂತಳು. ನೀರಿನ ಸದ್ದು ಚೆನ್ನಾಗಿತ್ತು. ಮೂವತ್ತೈದು, ಮೂವತ್ತಾರು...

ಟಿಣ್ ಟಿಣ್ ಟಿಣ್! ಅಪ್ಪನ ವಾಚು ಹತ್ತು ಸಾವಿರ ಹೆಜ್ಜೆ ಆಯಿತೆಂದು ಕುಣಿಯಿತು. ಅಪ್ಪ ಖುಷಿಯಿಂದ ಕೆಳಗೆ ನೋಡಿದ. ನೋಡಿದವನೇ ಎರಡಡಿ ಮೇಲಕ್ಕೆ ಹಾರಿದ.

“ಜಿಗಣಿ! ಜಿಗಣಿ! ಉಪ್ಪು ತರ್ರೋ!”

ಮೂರು ಪ್ಯಾಕೆಟ್ ಉಪ್ಪು ಸುರಿದ ಮೇಲೆ ಗೊತ್ತಾಯಿತು, ಅದು ಅವನದೇ ಬೂಟಿನ ಕಪ್ಪು ಲೇಸು.

“ಇರಲಿ, ಡ್ರಿಲ್ ಆತು,” ಎಂದ ಅಪ್ಪ ಮುಖ ಒರೆಸಿಕೊಂಡು. “ನಿಹಾ, ನೀ ಏನ್ ಮಾಡಾಕತ್ತೀ ಅಲ್ಲಿ?”

“ನಥಿಂಗ್.”

“ಜೋರಾಗಿ ಹೇಳು!”

*

ದಾರಿಯಲ್ಲಿ ಇನ್ನೂ ಮೂರು ರೆಕಾರ್ಡಿಂಗ್ ಕೆಟ್ಟವು. ಕ್ಯಾಂಪ್ ಜಾಗ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಅಲ್ಲಿ ಆಗಲೇ ಒಂದು ಪುಟ್ಟ ಟೆಂಟಿತ್ತು. ಬಿಳಿ ಗಡ್ಡದ ಅಜ್ಜ ಒಬ್ಬರು ಸಣ್ಣ ಸ್ಟವ್ ಮೇಲೆ ಚಹಾ ಕಾಯಿಸುತ್ತಿದ್ದರು. ಅವರ ಹೆಸರು ಗ್ರೆಹಮ್. ಒಬ್ಬರೇ ಬಂದಿದ್ದರು.

“ಎನಿ ಲೀಚಸ್ ಹಿಯರ್?” ಅಪ್ಪನ ಮೊದಲ ಪ್ರಶ್ನೆ ಅದೇ.

“ಟೂ ಕೋಲ್ಡ್ ಫಾರ್ ದೆಮ್, ಮೇಟ್. ಒಂದು ಸಿಕ್ಕರೆ ನಿಮ್ಮ ಅದೃಷ್ಟ,” ಎಂದು ಇಂಗ್ಲಿಷಿನಲ್ಲಿ ನಕ್ಕರು ಗ್ರೆಹಮ್.

ಅಪ್ಪನಿಗೆ ಸಮಾಧಾನ ಆಗಲಿಲ್ಲ. ಟೆಂಟಿನ ಸುತ್ತ ರಂಗೋಲಿಯ ಹಾಗೆ ಉಪ್ಪು ಹಾಕಲು ಹೊರಟ. ಅದು ಗಿಡಗಳಿಗೆ ಒಳ್ಳೆಯದಲ್ಲ ಎಂದು ಗ್ರೆಹಮ್ ತಲೆಯಾಡಿಸಿದ ಮೇಲೆ ಬಿಟ್ಟ.

ಎಲ್ಲರೂ ಟೆಂಟ್ ಹಾಕುವುದರಲ್ಲಿ ಮುಳುಗಿದ್ದರು. ತೂಕ ಉಳಿಸಲು ಅಪ್ಪ ಗೂಟಗಳನ್ನು ಅರ್ಧಕ್ಕರ್ಧ ಮನೆಯಲ್ಲೇ ಬಿಟ್ಟಿದ್ದ. ಅದಕ್ಕೇ ಈಗ ಕಲ್ಲು ಹುಡುಕುತ್ತಿದ್ದರು. ನಿಹಾರಿಕಾ ದೂರದ ಮರದ ಬುಡದಲ್ಲಿ ಫೋನ್ ಇಟ್ಟು ಗುಂಡಿ ಒತ್ತಿದಳು. ಯಾವುದೋ ಹಕ್ಕಿ ಶಿಳ್ಳೆ ಹಾಕಿತು. ನಲವತ್ತು. ಇನ್ನೊಂದು ಉತ್ತರ ಕೊಟ್ಟಿತು. ಐವತ್ತು. ನಿಹಾರಿಕಾ ಉಸಿರು ಬಿಗಿಹಿಡಿದಳು. ಐವತ್ತೊಂದು, ಐವತ್ತೆರಡು...

“ಎಲ್ಲರಿಗೂ ನಮಸ್ಕಾರ! ಕಾರ್ಯಕ್ರಮಕ್ಕ ಸ್ವಾಗತ!”

ಎರಡು ಮರದ ನಡುವೆ ಬ್ಯಾನರ್ ಏರಿತ್ತು. ಚಂದ್ರಶೇಖರ್ ಅಂಕಲ್ ಸ್ವಾಗತ ಭಾಷಣ ಶುರು ಮಾಡಿದ್ದರು. ಮುಖ್ಯ ಅತಿಥಿ ಬೇಕಿತ್ತು. ಅಲ್ಲಿದ್ದ ಹೊರಗಿನವರು ಗ್ರೆಹಮ್ ಒಬ್ಬರೇ. ಅವರ ಕೈಯಲ್ಲಿ ಚಹಾದ ಕಪ್ ಇರುವಾಗಲೇ ತಲೆಯ ಮೇಲೆ ಪೇಟ ಬಂತು, ಹೆಗಲ ಮೇಲೆ ಶಾಲು ಬಂತು. ಅಂಕಲ್ ಇಪ್ಪತ್ತು ನಿಮಿಷ ಮಾತಾಡಿದರು. ಸಿಡ್ನಿಯ ಹೆಸರು ಹದಿನೇಳು ಸಲ ಬಂತು. ಆಮೇಲೆ ರುದ್ರಾಣಿ ಆಂಟಿ ಚೀಟಿ ಬಿಡಿಸಿ ವಂದನಾರ್ಪಣೆ ಮಾಡಿದರು.

“ಮೊದಲನೇದಾಗಿ ನಮ್ಮ ಆಮಂತ್ರಣ ಮನ್ನಿಸಿ ಬಂದ ಮುಖ್ಯ ಅತಿಥಿಗಳಿಗೆ...”

ಗ್ರೆಹಮ್‌ಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಆದರೂ ಗಂಭೀರವಾಗಿ ಕೂತಿದ್ದರು. ಅಮ್ಮ ಎಲ್ಲರಿಗೂ ಒಣ ಅನ್ನದ ಪ್ಯಾಕೆಟ್‌ಗೆ ಬಿಸಿನೀರು ಹಾಕಿ ಕೊಟ್ಟಳು. ಒಂದು ತುತ್ತು ತಿಂದವರೆಲ್ಲ ಪಕ್ಕಕ್ಕಿಟ್ಟರು. ಆಗ ಅಮ್ಮ ಮ್ಯಾಟಿನಿಂದ ರೊಟ್ಟಿ ತೆಗೆದಳು. ಸಾಕ್ಸಿನಿಂದ ಚಟ್ನಿ ಪುಡಿ ತೆಗೆದಳು. ಅಪ್ಪ ಸಾಕ್ಸನ್ನೇ ನೋಡಿದ. ತೂಕದ ಬಗ್ಗೆ ಕೇಳುವವನಿದ್ದ. ಆದರೆ ಬಾಯಲ್ಲಿ ಆಗಲೇ ರೊಟ್ಟಿ ಇತ್ತು.

ಗ್ರೆಹಮ್ ರೊಟ್ಟಿ ಮುರಿಯುತ್ತಾ ನಿಹಾರಿಕಾಳ ಪಕ್ಕ ಬಂದು ಕೂತರು. ಫೋನ್ ಕಡೆ ಬೆರಳು ತೋರಿಸಿದರು. ಅವಳು ಏನು ರೆಕಾರ್ಡ್ ಮಾಡಬೇಕು, ಏಕೆ ಆಗುತ್ತಿಲ್ಲ ಎಂದು ಹೇಳಿದಳು. ಅವಳ ದನಿ ಎಂದಿನಂತೆ ಸಣ್ಣದಾಗಿತ್ತು. ಗ್ರೆಹಮ್ ಜೋರಾಗಿ ಹೇಳು ಅನ್ನಲಿಲ್ಲ. ಬಗ್ಗಿ ಕಿವಿಯನ್ನು ಹತ್ತಿರ ತಂದರು.

“ಡೌನ್ ಬೈ ದ ಕ್ರೀಕ್,” ಎಂದರು ಪೇಟ ಸರಿಮಾಡಿಕೊಳ್ಳುತ್ತಾ. “ಬೆಳಿಗ್ಗೆ ಬೇಗ ಕೆಳಗಿನ ಹಳ್ಳದ ಹತ್ತಿರ ಹೋಗು. ಲೈರ್‌ಬರ್ಡ್ ಇದೆ, ಬೇರೆ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುವ ಹಕ್ಕಿ. ಆದರೆ ಒಬ್ಬಳೇ ಹೋಗಬೇಡ. ಸುಮ್ಮನಿರಬಲ್ಲ ಒಬ್ಬ ದೊಡ್ಡವರನ್ನು ಕರಕೊಂಡು ಹೋಗು.”

ನಿಹಾರಿಕಾ ತನ್ನ ಗುಂಪಿನ ಕಡೆ ನೋಡಿದಳು. ಸಿಡ್ನಿಯ ಚಳಿ ಒಳ್ಳೆಯದೋ ಮೆಲ್ಬೋರ್ನಿನ ಚಳಿ ಒಳ್ಳೆಯದೋ ಎಂದು ಜಗಳ ನಡೆದಿತ್ತು.

*

ಬೆಳಿಗ್ಗೆ ಅವಳು ಎದ್ದಾಗ ಅಪ್ಪ ಟೆಂಟಿನ ಬಾಯಲ್ಲಿ ಕೂತು, ಟಾರ್ಚ್ ಹಿಡಿದು ಬೂಟಿನೊಳಗೆ ನೋಡುತ್ತಿದ್ದ. ಉಳಿದವರು ಮಲಗಿದ್ದರು.

“ಅಪ್ಪಾ, ಕ್ಯಾನ್ ಯು ಕಮ್ ಟು ದ ಕ್ರೀಕ್?”

“ಯಾಕ? ಹಾಂ, ನಿನ್ನ ರೆಕಾರ್ಡಿಂಗ್! ನಿನ್ನೆ ಎಷ್ಟು ಆದವು? ಹಾಕು, ಕೇಳೂಣು.”

ಅವಳು ಫೋನ್ ಕೊಟ್ಟಳು. ಅಪ್ಪ ಕಿವಿಗೆ ಹಿಡಿದು ಒಂದೊಂದಾಗಿ ಹಾಕಿದ. ಮೊದಲನೆಯದರಲ್ಲಿ ಚಂದ್ರಶೇಖರ್ ಅಂಕಲ್. ಅಪ್ಪ ನಕ್ಕ. “ಹಿಂಗ ನೋಡು ಅವ! ಕಾಲೇಜಿನಾಗೂ ಹಿಂಗ!” ಎರಡನೆಯದರಲ್ಲಿ, “ಜಿಗಣಿ! ಜಿಗಣಿ!” ಅಪ್ಪ ಇನ್ನೂ ಜೋರಾಗಿ ನಕ್ಕ.

ಮೂರನೆಯದರಲ್ಲಿ, “ಬರ್ರಿ ಬರ್ರಿ, ಪ್ಲ್ಯಾನ್ ಪ್ರಕಾರ ಹನ್ನೆರಡು ನಿಮಿಷ ಲೇಟ್ ಅದೀವಿ!” ಅದು ಅಪ್ಪನೇ. ನಾಲ್ಕನೆಯದರಲ್ಲಿ ಅಪ್ಪ ಫೋನಿನಲ್ಲಿ ಆಫೀಸಿನವರಿಗೆ ತಾನು ಕಾಡಿನಲ್ಲಿ ಎಷ್ಟು ರಿಲ್ಯಾಕ್ಸ್ ಆಗಿದ್ದೇನೆಂದು ಕೂಗಿ ಹೇಳುತ್ತಿದ್ದ. ಈಗ ಅಪ್ಪ ನಗಲಿಲ್ಲ. ಐದನೆಯದರಲ್ಲಿ ಎಂಟು ಸೆಕೆಂಡ್ ನೀರು ತೊಟ್ಟಿಕ್ಕಿತು. ಆಮೇಲೆ, “ನಿಹಾ, ಏನ್ ಮಾಡಾಕತ್ತೀ? ಜೋರಾಗಿ ಹೇಳು!”

ಅಪ್ಪ ಫೋನನ್ನು ಕಿವಿಯಿಂದ ತೆಗೆದು ಅವಳಿಗೆ ವಾಪಸು ಕೊಟ್ಟ. ಆಮೇಲೆ ವಾಚ್ ಬಿಚ್ಚಿ ಮಲಗುವ ಚೀಲದೊಳಗೆ ತುರುಕಿದ. ತನ್ನ ಫೋನನ್ನೂ ಅಲ್ಲೇ ಬಿಟ್ಟ. ಒಂದು ಪ್ಯಾಕೆಟ್ ಉಪ್ಪು ಮಾತ್ರ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ.

“ನಡಿ,” ಎಂದ. ಅದನ್ನೂ ಮೆಲ್ಲಗೆ ಹೇಳಿದ.

ಹಳ್ಳದ ಹತ್ತಿರ ಮಂಜು ನೆಲಕ್ಕಂಟಿಕೊಂಡಿತ್ತು. ಗ್ರೆಹಮ್ ಹೇಳಿದ ಜಾಗದಲ್ಲಿ, ದೊಡ್ಡ ಪಾಚಿಯ ಮರದ ಕೆಳಗೆ ಇಬ್ಬರೂ ನಿಂತರು. ಜರಿಗಿಡಗಳ ಹಿಂದೆ ಯಾರೋ ಎಲೆ ಕೆದಕುತ್ತಿದ್ದರು. ಸರಕ್, ಸರಕ್. ಕಂದು ಬಣ್ಣದ ಉದ್ದ ಬಾಲ ಒಂದು ಕ್ಷಣ ಕಂಡು ಮರೆಯಾಯಿತು.

ನಿಹಾರಿಕಾ ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದ. ಅವಳು ಗುಂಡಿ ಒತ್ತಿದಳು.

ಹಕ್ಕಿ ಹಾಡತೊಡಗಿತು. ಒಂದು ಹಾಡಲ್ಲ. ಶಿಳ್ಳೆ, ಆಮೇಲೆ ಗಿಣಿಯ ಕಿರುಚು, ಆಮೇಲೆ ಚಾಟಿ ಬೀಸಿದ ಹಾಗೆ ಒಂದು ಸದ್ದು. ಕಾಡಿನ ಹಕ್ಕಿಗಳೆಲ್ಲ ಅದೊಂದರ ಗಂಟಲಲ್ಲೇ ಇದ್ದವು. ಹದಿನೆಂಟು, ಹತ್ತೊಂಬತ್ತು...

ಅಪ್ಪ ಅಲುಗಾಡಿದ ಹಾಗಾಯಿತು. ಅವಳು ಓರೆಗಣ್ಣಿನಿಂದ ನೋಡಿದಳು.

ಅಪ್ಪನ ಎಡಗೈ ಮೇಲೆ, ಹೆಬ್ಬೆರಳಿನ ಬುಡದಲ್ಲಿ ಒಂದು ಕಪ್ಪು ದಾರ ಎದ್ದು ನಿಂತು ತೂಗಾಡುತ್ತಿತ್ತು. ಅದು ಲೇಸಲ್ಲ. ಅಷ್ಟು ಚಳಿಯಲ್ಲಿ ಇಡೀ ಕಾಡಿನಲ್ಲಿ ಎಚ್ಚರವಿದ್ದ ಒಂದೇ ಒಂದು ಜಿಗಣೆ ಅಪ್ಪನನ್ನು ಹುಡುಕಿಕೊಂಡು ಬಂದಿತ್ತು. ಅದು ಬಗ್ಗಿತು. ಕಚ್ಚಿಕೊಂಡಿತು.

ಅಪ್ಪನ ಕಣ್ಣುಗಳು ಅಗಲವಾದವು. ಬಲಗೈ ಜಾಕೆಟ್ಟಿನ ಜೇಬಿಗೆ ಹೋಯಿತು.

ಚರ್.

ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸದ್ದು. ಸಣ್ಣ ಸದ್ದೇ. ಆದರೆ ಆ ಮೌನದಲ್ಲಿ ಅದು ಕೊಂಬೆ ಮುರಿದ ಹಾಗೆ ಕೇಳಿಸಿತು. ಹಕ್ಕಿ ಒಂದು ಕ್ಷಣ ನಿಂತಿತು. ಇಪ್ಪತ್ತೆರಡು.

ಅಪ್ಪ ನಿಹಾರಿಕಾಳನ್ನು ನೋಡಿದ. ಅವಳ ಕೈಯಲ್ಲಿದ್ದ ಫೋನ್ ನೋಡಿದ. ಜಿಗಣೆಯನ್ನು ನೋಡಿದ. ಆಮೇಲೆ ಬಹಳ ನಿಧಾನವಾಗಿ, ಬರಿಗೈಯನ್ನು ಜೇಬಿನಿಂದ ಹೊರತೆಗೆದ.

ಹಕ್ಕಿ ಮತ್ತೆ ಹಾಡಿತು. ಅಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಹಣೆಯಲ್ಲಿ ಬೆವರು ಬಂತು. ತುಟಿ ಹಲ್ಲಿನ ನಡುವೆ ಸಿಕ್ಕಿಕೊಂಡಿತು. ಜಿಗಣೆ ಸ್ವಲ್ಪ ದಪ್ಪಗಾಯಿತು. ನಲವತ್ತರ ಹತ್ತಿರ ಅಪ್ಪ ಮೂಗಿನಿಂದ ಉದ್ದವಾಗಿ ಉಸಿರು ಬಿಟ್ಟ. ಐವತ್ತು. ಐವತ್ತೈದು. ಎಲೆ ಕೆದಕುವ ಸದ್ದು. ನೀರು. ಅರವತ್ತು.

ನಿಹಾರಿಕಾ ಗುಂಡಿ ಒತ್ತಿದಳು.

“ಆತಾ?” ಅಪ್ಪ ಕಣ್ಣು ಬಿಡದೆ ಪಿಸುಗುಟ್ಟಿದ.

“ಆಯ್ತು.”

“ಯಪ್ಪಾಽಽಽ! ಜಿಗಣಿ! ಜಿಗಣಿ ಹತ್ತೈತಿ! ಉಪ್ಪು! ಮಾಧುರೀ! ಚಂದ್ರ್ಯಾ! ಯಾರರ ಬರ್ರೋ!”

ಲೈರ್‌ಬರ್ಡ್ ಓಡಿಹೋಯಿತು. ಮೇಲಿದ್ದ ಕಾಗೆಗಳೆಲ್ಲ ಎದ್ದವು. ಕ್ಯಾಂಪಿನಿಂದ ಅಂಕಲ್ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿಬಂದರು. ಕೈ ನೋಡಿ, “ಇಷ್ಟ ಸಣ್ಣದಾ? ಸಿಡ್ನಿಯಾಗ...” ಎಂದು ಶುರು ಮಾಡಿದರು.

*

ಸೋಮವಾರ ಮಿಸ್ ಫ್ಲಿನ್ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ ನಿಹಾರಿಕಾಳ ರೆಕಾರ್ಡಿಂಗ್ ಹಾಕಿದರು. ಕ್ಲಾಸಿನಲ್ಲಿ ಕಾಡು ತುಂಬಿಕೊಂಡಿತು. ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಕಣ್ಣು ತೆಗೆಯಲಿಲ್ಲ.

“ಬ್ಯೂಟಿಫುಲ್!” ಎಂದರು ಮಿಸ್ ಫ್ಲಿನ್. “ಇದನ್ನೇ ಅಸೆಂಬ್ಲಿಯಲ್ಲಿ ಹಾಕೋಣ. ಮಧ್ಯದಲ್ಲಿ ಒಂದು ಕಡೆ ಚರ್ ಅಂತ ಸಣ್ಣ ಸದ್ದಿದೆ. ಅದನ್ನು ನಾನು ಟ್ರಿಮ್ ಮಾಡ್ತೀನಿ, ಓಕೆ?”

“ನೋ!”

ಎಲ್ಲರೂ ತಿರುಗಿ ನೋಡಿದರು. ಅಷ್ಟು ಜೋರಾಗಿ ಯಾರು ಹೇಳಿದ್ದು ಎಂದು ನಿಹಾರಿಕಾಳೂ ತಿರುಗಿ ನೋಡುವವಳಿದ್ದಳು.

“ಪ್ಲೀಸ್, ಅದು ಇರಲಿ,” ಎಂದಳು.

“ಅದೇನು, ಕಪ್ಪೆಯಾ?” ಎಂದು ಪಕ್ಕದಲ್ಲಿದ್ದ ಹರ್ಷಿತಾ ಪಿಸುದನಿಯಲ್ಲಿ ಕೇಳಿದಳು. ನಿಹಾರಿಕಾ ಸುಮ್ಮನೆ ನಕ್ಕಳು.

ಮಿಸ್ ಫ್ಲಿನ್ ಇನ್ನೊಮ್ಮೆ ಹಾಕಿದರು. ಎಲ್ಲರೂ ಮತ್ತೆ ಹಕ್ಕಿಯ ಹಾಡಿಗೆ ಕಣ್ಣು ಮುಚ್ಚಿದರು. ನಿಹಾರಿಕಾ ಚರ್ ಎನ್ನುವ ಸದ್ದಿಗೆ ಕಾದಳು. ಅದು ಬಂದ ಕೂಡಲೇ ಡೆಸ್ಕಿನ ಕೆಳಗೆ ಬೆರಳು ಮಡಿಚಿ ಎಣಿಸತೊಡಗಿದಳು. ಒಂದು, ಎರಡು, ಮೂರು...

ಮೂವತ್ತೆಂಟು ಸೆಕೆಂಡ್. ಅದು ಅಷ್ಟು ಉದ್ದ ಎಂದು ಅವಳು ಹಿಂದೆ ಯಾವತ್ತೂ ಅಂದುಕೊಂಡಿರಲಿಲ್ಲ.